ಮುಂದಕ್ಕೆ ಅಂದರೆ ಯಾವ ಕಡೆ? ಉಲ್ಟಾ ಕೇಳಿಸುವ ಇಂಗ್ಲಿಷ್ ಮಾತುಗಳಿಗೆ ಒಂದು ಕೈಪಿಡಿ

ಆಲ್ದೂರಿನ ಹತ್ತಿರ ನಮ್ಮಣ್ಣನ ಒಂದು ಸಣ್ಣ ಹೋಂಸ್ಟೇ ಇದೆ. ಮೂರೇ ರೂಮು. ಅಡುಗೆ ಅತ್ತಿಗೆಯದು, ಮೇಲ್ ಮತ್ತು ವಾಟ್ಸಾಪ್ ನನ್ನದು. ಒಂದು ಜನವರಿಯಲ್ಲಿ ಹೊರದೇಶದ ಗಂಡ ಹೆಂಡತಿ ಶನಿವಾರಕ್ಕೆ ಬುಕ್ ಮಾಡಿದ್ದರು. ಅದೇ ವಾರ ಅವರಿಂದ ಇನ್ನೊಂದು ಮೇಲ್ ಬಂತು. ಬುಕಿಂಗನ್ನು ಎರಡು ದಿನ ‘ಬ್ರಿಂಗ್ ಫಾರ್ವರ್ಡ್’ ಮಾಡಬಹುದಾ ಅಂತ ಕೇಳಿದ್ದರು. ಎರಡು ದಿನ ಮುಂದಕ್ಕೆ ಹಾಕ್ತಿದ್ದಾರೆ, ಒಳ್ಳೇದೇ ಆಯ್ತು ಅಂದುಕೊಂಡು ನಾನು ‘ನೋ ಪ್ರಾಬ್ಲಂ’ ಅಂತ ಉತ್ತರ ಹಾಕಿದೆ. ಅತ್ತಿಗೆಗೆ ‘ಸೋಮವಾರ ಬರ್ತಾರಂತೆ’ ಅಂದೆ.

ಗುರುವಾರ ಮಧ್ಯಾಹ್ನ ಅವರ ಕಾರು ಬಂದು ನಿಂತಿತು. ಕಾಫಿ ಕೊಯ್ಲು ಜೋರಾಗಿದ್ದ ಸಮಯ. ಕಣದ ತುಂಬ ಹಣ್ಣು ಹರವಿತ್ತು. ಅವರಿಗೆ ಕೊಡಬೇಕಿದ್ದ ರೂಮಿನಲ್ಲಿ ಗೋಣಿಚೀಲ ಪೇರಿಸಿತ್ತು. ಅತ್ತಿಗೆ ನನ್ನ ಮುಖ ನೋಡಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ತಪ್ಪು ಯಾರದು ಅಂತ ಆ ನೋಟದಲ್ಲೇ ತೀರ್ಮಾನವಾಗಿತ್ತು. ಹಾಸನದಲ್ಲಿ ಆರೇಳು ವರ್ಷ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿದವನು ನಾನು.

ಆಮೇಲೆ ಕೂತು ನೋಡಿದಾಗ ಗೊತ್ತಾಯಿತು, ಇಂಥ ಮಾತುಗಳು ಒಂದೆರಡಲ್ಲ. ಕೆಲವು ಇಂಗ್ಲಿಷ್ ಮನೆಮಾತಿನವರನ್ನೇ ಎರಡು ಪಾಲು ಮಾಡುತ್ತವೆ. ಕೆಲವು ಅವರಿಗೆ ಸ್ಪಷ್ಟ, ಕನ್ನಡದ ಕಿವಿಗೆ ಮಾತ್ರ ಉಲ್ಟಾ. ಇನ್ನು ಕೆಲವು ನಾವೇ ಆಡಿ ಅವರನ್ನು ದಾರಿ ತಪ್ಪಿಸುವಂಥವು. ಹೋಂಸ್ಟೇ ನಡೆಸುವವರು, ಊರಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಇಂಟರ್‌ವ್ಯೂಗೆ ತಯಾರಾಗುವ ಮಕ್ಕಳು, ಎಲ್ಲರಿಗೂ ಆಗಲಿ ಅಂತ ನಾನು ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ದಿಕ್ಕಿನ ಪದ ಕಂಡರೆ ಅಲ್ಲೇ ನಿಲ್ಲಿ

ಫಾರ್ವರ್ಡ್, ಬ್ಯಾಕ್, ಅಪ್, ಡೌನ್, ಆಫ್, ಔಟ್. ಈ ಆರು ಪದಗಳಲ್ಲಿ ಯಾವುದಾದರೂ ಒಂದು ಸಮಯದ ಜೊತೆಗೋ ಯಂತ್ರದ ಜೊತೆಗೋ ಬಂದರೆ ಉತ್ತರ ಬರೆಯುವ ಮೊದಲು ಒಂದು ನಿಮಿಷ ತಡೆಯಿರಿ.

ಮೊದಲು ಒಂದು ಸಣ್ಣ ಪರೀಕ್ಷೆ. ಮುಂದಿನ ಬುಧವಾರದ ಮೀಟಿಂಗು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಆಗಿದೆ. ಈಗ ಮೀಟಿಂಗ್ ಯಾವತ್ತು? ಸೋಮವಾರವಾ, ಶುಕ್ರವಾರವಾ? ಮನೆಯಲ್ಲಿ ನಾಲ್ಕು ಜನಕ್ಕೆ ಕೇಳಿ, ಜಗಳ ಗ್ಯಾರಂಟಿ. ಅಮೆರಿಕದಲ್ಲಿ ಲೆರಾ ಬೊರೊಡಿಟ್‌ಸ್ಕಿ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರ ಮೈಕೆಲ್ ರಾಮ್ಸ್‌ಕಾರ್ ಇದನ್ನೇ ವಿಮಾನ ನಿಲ್ದಾಣದಲ್ಲಿ ಜನರಿಗೆ ಕೇಳಿದರು. 2002ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಯಾರನ್ನೋ ಕರೆದುಕೊಂಡು ಹೋಗಲು ಬಂದು ಸುಮ್ನೆ ಕಾಯುತ್ತಿದ್ದವರಲ್ಲಿ ಉತ್ತರ ಸುಮಾರು ಅರ್ಧಕ್ಕರ್ಧ ಇತ್ತು. ಆಗಷ್ಟೇ ವಿಮಾನದಿಂದ ಇಳಿದವರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಶುಕ್ರವಾರ ಅಂದರು. ಇವರೆಲ್ಲ ಇಂಗ್ಲಿಷ್ ಬಲ್ಲವರೇ ಅನ್ನುವುದನ್ನು ಗಮನಿಸಿ. ನನಗೆ ಇದನ್ನು ಓದಿ ಅರ್ಧ ಸಮಾಧಾನವಾಯಿತು.

ಯಾಕೆ ಹೀಗೆ? ಮೂಡಿಗೆರೆ ಬಸ್ಸಿನೊಳಗೆ ಕೂತಿದ್ದೀರಿ ಅಂತ ಇಟ್ಟುಕೊಳ್ಳಿ. ನೀವು ಮುಂದೆ ಹೋದಷ್ಟೂ ಇನ್ನೂ ಬರಬೇಕಾದ ಸ್ಟಾಪುಗಳ ಕಡೆ ಹೋಗುತ್ತೀರಿ. ಆ ಲೆಕ್ಕದಲ್ಲಿ ‘ಫಾರ್ವರ್ಡ್’ ಅಂದರೆ ತಡ, ಶುಕ್ರವಾರ. ಈಗ ಬಸ್ಸಿನಿಂದ ಇಳಿದು ಸ್ಟಾಪಿನಲ್ಲಿ ನಿಲ್ಲಿ. ಬಸ್ಸು ಮುಂದೆ ಬಂದಷ್ಟೂ ನಿಮಗೆ ಹತ್ತಿರ. ಆ ಲೆಕ್ಕದಲ್ಲಿ ‘ಫಾರ್ವರ್ಡ್’ ಅಂದರೆ ಬೇಗ, ಸೋಮವಾರ. ಪ್ರಯಾಣ ಮಾಡಿ ಬಂದವರ ತಲೆ ಇನ್ನೂ ಬಸ್ಸಿನೊಳಗೇ ಇರುತ್ತದೆ, ಅಷ್ಟೇ.

ನಮ್ಮ ಕಷ್ಟ ಇನ್ನೊಂದು ಮೆಟ್ಟಿಲು ಜಾಸ್ತಿ. ಕನ್ನಡದಲ್ಲಿ ‘ಮುಂದೂಡು’ ಅಂದರೆ ತಡ ಮಾಡು ಅಂತ ತೀರ್ಮಾನವಾಗಿಬಿಟ್ಟಿದೆ. ಪರೀಕ್ಷೆ ಮುಂದೂಡಿದರು, ಚುನಾವಣೆ ಮುಂದೂಡಿದರು, ಮದುವೆ ಮುಂದಕ್ಕೆ ಹೋಯಿತು. ಹಾಗಾಗಿ ‘ಫಾರ್ವರ್ಡ್’ ಕಂಡ ಕೂಡಲೇ ನಮ್ಮ ಕೈ ಕ್ಯಾಲೆಂಡರಿನ ಮುಂದಿನ ಹಾಳೆಗೆ ಹೋಗುತ್ತದೆ. ತಮಾಷೆ ಏನೆಂದರೆ ಕನ್ನಡದಲ್ಲೂ ಇನ್ನೊಂದು ದಾರಿ ಇದೆ. ಮುಂಗಾರು ಮೊದಲು ಬರುತ್ತದೆ, ಜೂನಿನಲ್ಲಿ. ಹಿಂಗಾರು ಆಮೇಲೆ, ಅಕ್ಟೋಬರ್ ಹೊತ್ತಿಗೆ. ಹಾಸನದ ಕಡೆ ಆಲೂಗಡ್ಡೆ ಹಾಕುವ ರೈತನಿಗೆ ‘ಮುಂ’ ಅಂದರೆ ಬೇಗ. ಮುಂಚೆ, ಮುನ್ನ, ಮುಂಗಡ, ಎಲ್ಲ ಅದೇ ಕಡೆಯವು. ಒಂದೇ ಬೇರಿನಿಂದ ‘ಮುಂಚೆ’ಯೂ ಬಂತು, ‘ಮುಂದೆ’ಯೂ ಬಂತು. ಒಂದು ಆಗಿಹೋದದ್ದು, ಇನ್ನೊಂದು ಆಗಬೇಕಾದದ್ದು. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ ನಮ್ಮ ಮುಂಗಾರಿನ ಸಂಬಂಧಿ, ಮುಂದೂಡುವುದರ ಸಂಬಂಧಿ ಅಲ್ಲ. ಟ್ಯೂಷನ್ನಿನಲ್ಲಿ ನಾನು ಹೀಗೆ ಹೇಳಿಕೊಟ್ಟಿದ್ದರೆ ಆ ಗುರುವಾರ ಮರ್ಯಾದೆ ಉಳಿಯುತ್ತಿತ್ತು.

ನೆನಪಿಟ್ಟುಕೊಳ್ಳಲು ಇಷ್ಟು ಸಾಕು. ‘ಬ್ರಿಂಗ್ ಫಾರ್ವರ್ಡ್’ ಅಂದರೆ ಬೇಗ. ‘ಮೂವ್ ಅಪ್’ ಅನ್ನುವುದನ್ನು ಅಮೆರಿಕದವರು ಬೇಗ ಮಾಡಿ ಎನ್ನುವ ಅರ್ಥದಲ್ಲಿ ಬಳಸುತ್ತಾರೆ. ‘ಪುಶ್ ಬ್ಯಾಕ್’, ‘ಪುಟ್ ಬ್ಯಾಕ್’, ‘ಪುಟ್ ಆಫ್’ ಮೂರೂ ಸಾಮಾನ್ಯವಾಗಿ ತಡ. ‘ಮೂವ್ ಫಾರ್ವರ್ಡ್’ ಮಾತ್ರ ಯಾರಪ್ಪನ ಮಾತನ್ನೂ ಕೇಳುವುದಿಲ್ಲ, ಅದು ಬಂದರೆ ತಿರುಗಿ ಕೇಳಲೇಬೇಕು.

ಈ ಗೊಂದಲಕ್ಕೆ ನಮ್ಮ ದೇಶದವರು ಕಂಡುಕೊಂಡ ಮದ್ದು ‘ಪ್ರೀಪೋನ್’. ಪೋಸ್ಟ್‌ಪೋನ್ ಇರುವಾಗ ಪ್ರೀಪೋನ್ ಯಾಕಿರಬಾರದು? ಇದನ್ನು ತಪ್ಪು ಅಂತ ಬೈಯುವ ಮೇಷ್ಟ್ರುಗಳಿದ್ದಾರೆ. ಆದರೆ ಪದ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಸೇರಿದೆ. ನನ್ನ ಮಟ್ಟಿಗೆ ಅದು ಇಡೀ ಗುಂಪಿನಲ್ಲಿ ತುಂಬ ಮರ್ಯಾದಸ್ಥ ಪದ, ಒಂದೇ ಅರ್ಥ. ಭಾರತದೊಳಗೆ ಧೈರ್ಯವಾಗಿ ಬಳಸಿ. ಲಂಡನ್ನಿನವರಿಗೆ ಬರೆಯುವಾಗ ಬೇಡ, ಅವರಲ್ಲಿ ಬಹಳ ಜನ ಅದನ್ನು ಕೇಳಿಯೇ ಇರುವುದಿಲ್ಲ.

ಹೆಜ್ಜೆ 2: ಮಾತನ್ನು ತಾರೀಕಿಗೆ ಇಳಿಸಿ

ಅರ್ಥ ಊಹಿಸಿ ಸರಿಯಾಗಿ ಹೇಳಿದರೆ ಬಹುಮಾನ ಏನೂ ಇಲ್ಲ. ಅದರ ಬದಲು ವಾರ, ತಾರೀಕು, ತಿಂಗಳ ಹೆಸರು ಮೂರನ್ನೂ ಬರೆದು ವಾಪಸ್ ಕೇಳಿ. ‘ಸೋ ಯು ಆರ್ ಕಮಿಂಗ್ ಆನ್ ಥರ್ಸ್‌ಡೇ, 16 ಜನವರಿ. ಕರೆಕ್ಟ್?’ ಇಷ್ಟೇ. ‘ವಾಟ್ ಡು ಯು ಮೀನ್’ ಅಂತ ಕೇಳಬೇಡಿ. ಅದು ಒರಟಾಗಿ ಕೇಳಿಸುತ್ತದೆ, ಮೇಲಾಗಿ ಅವರು ಅದೇ ಮಾತನ್ನು ಇನ್ನೊಂದು ಸಲ ಹೇಳುತ್ತಾರೆ.

ತಿಂಗಳ ಹೆಸರು ಅಕ್ಷರದಲ್ಲೇ ಇರಲಿ. 05/06 ಅಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಮೇ ಅಂದರೆ ರಜೆಯ ರಶ್ಶು, ಜೂನ್ ಅಂದರೆ ಮಳೆ ಶುರು. ಒಂದು ಗೆರೆಯ ಆ ಕಡೆ ಈ ಕಡೆಗೆ ಇಷ್ಟು ವ್ಯತ್ಯಾಸ.

ಇದೇ ಹೆಜ್ಜೆಯಲ್ಲಿ ಇನ್ನೂ ಕೆಲವನ್ನು ಮುಗಿಸಿಬಿಡೋಣ. ‘ನೆಕ್ಸ್ಟ್ ಫ್ರೈಡೇ’ ಅಂದರೆ ಮಂಗಳವಾರ ಕೂತು ಹೇಳುವ ಒಬ್ಬರಿಗೆ ಇನ್ನು ಮೂರೇ ದಿನ, ಇನ್ನೊಬ್ಬರಿಗೆ ಹತ್ತು ದಿನ. ಕನ್ನಡದಲ್ಲಿ ನಾವು ‘ಈ ಬರೋ ಶುಕ್ರವಾರವಾ, ಅದರಾಚೆ ಶುಕ್ರವಾರವಾ’ ಅಂತ ಕೇಳಿ ಬಗೆಹರಿಸಿಕೊಳ್ಳುತ್ತೇವೆ, ಅಲ್ವಾ? ಇಂಗ್ಲಿಷಿನಲ್ಲೂ ಹಾಗೇ ಕೇಳಿ. ‘ಬೈವೀಕ್ಲಿ’ ಎಂಬ ಪದಕ್ಕೆ ನಿಘಂಟುಗಳೇ ಎರಡೂ ಅರ್ಥ ಕೊಡುತ್ತವೆ: ವಾರಕ್ಕೆರಡು ಸಲ, ಎರಡು ವಾರಕ್ಕೊಮ್ಮೆ. ‘ಬೈಮಂತ್ಲಿ’ಯದೂ ಇದೇ ಕಥೆ. ಸಂಬಳದ ಪತ್ರದಲ್ಲಿ ಈ ಪದ ಇದ್ದರೆ ಸಹಿ ಹಾಕುವ ಮೊದಲು ಕೇಳಿ. ಇನ್ನು ರಾತ್ರಿ 12ರ ನಂತರ ಹೊರಡುವ ರೈಲಿನ ಟಿಕೆಟ್. ಟಿಕೆಟ್ಟಿನಲ್ಲಿ 15ನೇ ತಾರೀಕು 00.20 ಅಂತಿದ್ದರೆ ನೀವು ಸ್ಟೇಷನ್ನಿಗೆ ಹೋಗಬೇಕಾದದ್ದು 14ರ ರಾತ್ರಿ, ಊಟ ಮುಗಿಸಿಕೊಂಡು. 15ರ ರಾತ್ರಿ ಹೋದರೆ ರೈಲು ಹೋಗಿ ಒಂದು ದಿನ ಆಗಿರುತ್ತದೆ. ಇದರಲ್ಲಿ ಮೋಸ ಹೋದವರು ನಮ್ಮ ನೆಂಟರಲ್ಲೇ ಇಬ್ಬರಿದ್ದಾರೆ.

ಕಾಫಿ ರೇಟು ನೋಡುವವರಿಗೆ ಒಂದು ಮಾತು. ನ್ಯೂಯಾರ್ಕಿನಲ್ಲಿ ಅರೇಬಿಕಾ, ಲಂಡನ್ನಿನಲ್ಲಿ ರೊಬಸ್ಟಾ, ಎರಡರ ಸುದ್ದಿಯೂ ಇಂಗ್ಲಿಷಿನಲ್ಲೇ ಬರುತ್ತದೆ. ಅಲ್ಲಿ ‘ಫೆಲ್ ಬೈ’ ಮತ್ತು ‘ಫೆಲ್ ಟು’ ನೋಡಿ ಓದಿ. ಮೊದಲನೆಯದು ಅಷ್ಟು ಇಳಿಯಿತು, ಎರಡನೆಯದು ಅಷ್ಟಕ್ಕೆ ಇಳಿಯಿತು. ಕನ್ನಡದಲ್ಲಿ ಒಂದು ‘ಕ್ಕೆ’ ಮಾಡುವ ಕೆಲಸ ಇದು.

ಹೆಜ್ಜೆ 3: ಬರೀ ಯೆಸ್, ಬರೀ ನೋ ಹೇಳಬೇಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಎಡವಟ್ಟಾಗುವುದು ಇಲ್ಲೇ, ಮತ್ತು ಯಾರೂ ಇದನ್ನು ಶಾಲೆಯಲ್ಲಿ ಬಿಡಿಸಿ ಹೇಳುವುದಿಲ್ಲ.

‘ಊಟ ಆಗಿಲ್ವಾ?’ ಅಂತ ಕೇಳಿದರೆ, ಆಗಿಲ್ಲದವರು ‘ಹೂಂ, ಆಗಿಲ್ಲ’ ಅನ್ನುತ್ತೇವೆ. ನೀವು ಹೇಳಿದ್ದು ನಿಜ ಅಂತ ನಮ್ಮ ‘ಹೂಂ’ ಒಪ್ಪಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಪ್ರಶ್ನೆ ಹೇಗೇ ಇರಲಿ, ಊಟ ಆಗಿದ್ದರೆ ಯೆಸ್, ಆಗಿರದಿದ್ದರೆ ನೋ. ‘ಹ್ಯಾವಂಟ್ ಯು ಈಟನ್?’ ಅಂದವರಿಗೆ ನೀವು ಹಸಿದ ಹೊಟ್ಟೆಯಲ್ಲಿ ‘ಯೆಸ್’ ಅಂದರೆ ಅವರು ನಿಮ್ಮನ್ನು ಉಂಡವರ ಲೆಕ್ಕಕ್ಕೆ ಸೇರಿಸುತ್ತಾರೆ.

ಬೆಳಗ್ಗೆ ಆರು ಗಂಟೆಗೆ ಗೆಸ್ಟು ಬಾಗಿಲು ತೆಗೆದು ‘ಈಸಂಟ್ ದೇರ್ ಎನಿ ಹಾಟ್ ವಾಟರ್?’ ಅಂತ ಕೇಳುತ್ತಾರೆ. ಹಂಡೆ ಒಲೆಗೆ ಇನ್ನೂ ಬೆಂಕಿ ಹಾಕಿಲ್ಲ. ನಮ್ಮ ಹುಡುಗ ವಿನಯದಿಂದ ‘ಯೆಸ್ ಸರ್’ ಅನ್ನುತ್ತಾನೆ. ಅವನ ಮನಸ್ಸಿನಲ್ಲಿ ಅದು ‘ಹೌದು ಸರ್, ಇಲ್ಲ’. ಗೆಸ್ಟು ಟವಲ್ ತಗೊಂಡು ಒಳಗೆ ಹೋಗುತ್ತಾರೆ. ಮುಂದಿನದ್ದು ನಿಮಗೇ ಗೊತ್ತು. ಮಾರ್ಗಶಿರದ ಚಳಿ, ಆಲ್ದೂರಿನ ಬೆಳಗು.

‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಅನ್ನುವುದೂ ಇದೇ ಜಾತಿ. ಇಲ್ಲಿ ಕೂತರೆ ನಿಮಗೆ ಬೇಜಾರಾ ಅಂತ ಅವರು ಕೇಳುತ್ತಿರುವುದು. ನಾವು ‘ಯೆಸ್ ಯೆಸ್’ ಅಂತ ಪ್ರೀತಿಯಿಂದ ಕುರ್ಚಿ ಎಳೆಯುತ್ತೇವೆ. ಮಾತು ಬೇಡ ಅನ್ನುತ್ತಿದೆ, ಕೈ ಬಾ ಅನ್ನುತ್ತಿದೆ. ಪುಣ್ಯಕ್ಕೆ ಜನ ಕೈಯನ್ನೇ ನಂಬುತ್ತಾರೆ. ಫೋನಿನಲ್ಲಿ ಕೈ ಕಾಣುವುದಿಲ್ಲ, ಅಲ್ಲಿ ಜೋಪಾನ.

ಉಪಾಯ ಸುಲಭ. ಯೆಸ್ಸೂ ಬೇಡ, ನೋನೂ ಬೇಡ, ವಿಷಯವನ್ನೇ ಹೇಳಿ. ‘ಹಾಟ್ ವಾಟರ್ ಆಫ್ಟರ್ ಸೆವೆನ್, ಸರ್.’ ‘ಪ್ಲೀಸ್ ಸಿಟ್.’ ‘ಐ ಹ್ಯಾವ್ ನಾಟ್ ಈಟನ್.’ ನಮ್ಮ ಹುಡುಗನಿಗೆ ಈ ಮೂರು ವಾಕ್ಯ ಬಾಯಿಪಾಠ ಮಾಡಿಸಿದ ಮೇಲೆ ಬಚ್ಚಲಿನ ತಂಟೆ ನಿಂತಿತು.

ಹೆಜ್ಜೆ 4: ಆಫ್, ಔಟ್, ಡೌನ್: ಆಮೇಲೆ ಏನಾಯಿತು ಅಂತ ನೋಡಿ

‘ದಿ ಅಲಾರಂ ವೆಂಟ್ ಆಫ್ ಅಟ್ ಫೈವ್.’ ಕ್ಲಾಸಿನಲ್ಲಿ ಇದನ್ನು ಬರೆದು ಅರ್ಥ ಕೇಳಿದರೆ ಮುಕ್ಕಾಲು ಕ್ಲಾಸು ‘ಐದು ಗಂಟೆಗೆ ಅಲಾರಂ ನಿಂತುಹೋಯಿತು’ ಅನ್ನುತ್ತಿತ್ತು. ನಮಗೆ ಆಫ್ ಅಂದರೆ ಮೋಟಾರ್ ಆಫ್, ಲೈಟ್ ಆಫ್. ಇಲ್ಲಿ ಮಾತ್ರ ಅದು ಹೊಡೆದುಕೊಂಡಿತು ಅಂತ. ಪಟಾಕಿ, ಬಂದೂಕು, ಬೆಂಕಿಯ ಸೈರನ್, ಎಲ್ಲಕ್ಕೂ ‘ವೆಂಟ್ ಆಫ್’ ಅಂದರೆ ಸದ್ದು ಮಾಡಿತು. ಕರೆಂಟು ‘ವೆಂಟ್ ಆಫ್’ ಆದರೆ ಹೋಯಿತು. ಗುರುತು ಹೀಗೆ: ಸಿಡಿಯುವಂಥದ್ದು, ಕೂಗುವಂಥದ್ದು ಆದರೆ ಶುರುವಾಯಿತು, ಉರಿಯುತ್ತಲೋ ತಿರುಗುತ್ತಲೋ ಇರುವಂಥದ್ದು ಆದರೆ ನಿಂತಿತು. ‘ಔಟ್’ ಕೂಡ ಹಾಗೇ. ಚಂದ್ರ ‘ಔಟ್’ ಅಂದರೆ ಕಾಣುತ್ತಿದ್ದಾನೆ, ದೀಪ ‘ಔಟ್’ ಅಂದರೆ ಕಾಣುತ್ತಿಲ್ಲ.

ಎಸಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ‘ಎಸಿ ಕಮ್ಮಿ ಮಾಡಿ’ ಅಂದರೆ ಡ್ರೈವರಿಗೆ ಅರ್ಥವಾಗುತ್ತದೆ, ಚಳಿ ಕಮ್ಮಿ ಮಾಡುತ್ತಾರೆ. ಆದರೆ ರಿಮೋಟ್ ಹಿಡಿದವರಿಗೆ ನಂಬರ್ ಏರಿಸಬೇಕು. ‘ಟರ್ನ್ ಡೌನ್ ದಿ ಎಸಿ’ ಅನ್ನುವ ಇಂಗ್ಲಿಷ್ ಮಾತಿನಲ್ಲೂ ಇದೇ ಜಗಳ. ಕೆಲವರಿಗೆ ನಂಬರ್ ಇಳಿಸು, ಅಂದರೆ ಇನ್ನೂ ತಣ್ಣಗೆ ಮಾಡು. ಕೆಲವರಿಗೆ ಯಂತ್ರದ ಜೋರು ಇಳಿಸು, ಅಂದರೆ ಬೆಚ್ಚಗೆ ಮಾಡು. ‘ಟೂ ಕೋಲ್ಡ್, ಪ್ಲೀಸ್ ಸೆಟ್ ಇಟ್ ಟು 25’ ಅಂದುಬಿಡಿ.

ಮುಳ್ಳಯ್ಯನಗಿರಿ ಹತ್ತಿದವರಿಗೆ ಇನ್ನೊಂದು. 1,930 ಮೀಟರಿನ ತುದಿಯಲ್ಲಿ ನಿಂತು ಯಾರಾದರೂ ‘ಇಟ್ಸ್ ಆಲ್ ಡೌನ್‌ಹಿಲ್ ಫ್ರಂ ಹಿಯರ್’ ಅಂದರೆ ಖುಷಿ, ಇನ್ನು ಬರೀ ಇಳಿಯುವುದು. ಅದೇ ಮಾತನ್ನು ಕಂಪನಿಯ ಬಗ್ಗೆ ಹೇಳಿದರೆ? ಇನ್ನು ಸಲೀಸು ಅಂತಲೂ ಆಗಬಹುದು, ಇನ್ನು ಕುಸಿತವೇ ಅಂತಲೂ ಆಗಬಹುದು. ನಮ್ಮಲ್ಲೂ ಇಳಿಜಾರು ಸುಖ, ಇಳಿಮುಖ ದುಃಖ. ಇದಕ್ಕೆ ಒಂದು ಕೀಲಿ ಇದೆ. ಅಲ್ಲಿಯವರೆಗೆ ಕಷ್ಟದ ಮಾತಾಡುತ್ತಿದ್ದರೆ ಡೌನ್‌ಹಿಲ್ ಅಂದರೆ ಸುಲಭ. ಅಲ್ಲಿಯವರೆಗೆ ಚೆನ್ನಾಗಿತ್ತು ಅನ್ನುತ್ತಿದ್ದರೆ ಹಾಳು.

ಈ ಗುಂಪಿನಲ್ಲಿ ಜೀವಕ್ಕೇ ಸಂಬಂಧಿಸಿದ್ದು ಒಂದಿದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಹೋಗುವಾಗ ಮಂಗಳೂರು ಕಡೆ ಹೋಗುವ ಗ್ಯಾಸಿನ ಬುಲೆಟ್ ಟ್ಯಾಂಕರುಗಳ ಹಿಂದೆ ಸಿಕ್ಕಿಕೊಂಡಿರುತ್ತೀರಿ. ಇಂಥ ಟ್ಯಾಂಕರುಗಳ ಮೇಲೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿರುತ್ತದೆ. ಇನ್‌ಕಂಪ್ಲೀಟ್, ಇನ್‌ಆ್ಯಕ್ಟಿವ್ ಕಲಿತ ಮಗು ಇದನ್ನು ‘ಬೆಂಕಿ ಹತ್ತದ್ದು’ ಅಂತ ಓದುತ್ತದೆ. ಮಗುವಿನದ್ದೇನೂ ತಪ್ಪಿಲ್ಲ. ಇಲ್ಲಿಯ ‘ಇನ್’ ಲ್ಯಾಟಿನ್ನಿನ ಬೇರೆ ಉಪಸರ್ಗ, ‘ಅಲ್ಲ’ ಅನ್ನುವುದಲ್ಲ. ಇನ್‌ಫ್ಲೇಮಬಲ್ ಮತ್ತು ಫ್ಲೇಮಬಲ್ ಎರಡಕ್ಕೂ ಅರ್ಥ ಒಂದೇ, ಸುಲಭವಾಗಿ ಬೆಂಕಿ ಹತ್ತುವುದು. ಈ ಗಲಿಬಿಲಿಗೆ ಹೆದರಿಯೇ ಅಮೆರಿಕದ ಬೆಂಕಿ ಸುರಕ್ಷತಾ ಸಂಘ 1920ರ ದಶಕದಿಂದ ‘ಫ್ಲೇಮಬಲ್’ ಅಂತಲೇ ಬರೆಯಿರಿ ಎಂದು ಹೇಳುತ್ತಾ ಬಂತು. ಮನೆಯಲ್ಲಿ ಥಿನ್ನರ್ ಡಬ್ಬಿ ಇದ್ದರೆ ಅದರ ಮೇಲೆ ಕನ್ನಡದಲ್ಲಿ ‘ಬೆಂಕಿ ಹತ್ತುತ್ತದೆ’ ಅಂತ ಬರೆದು ಅಂಟಿಸಿ.

ಹೆಜ್ಜೆ 5: ಯಾವ ಊರಿನ ಇಂಗ್ಲಿಷ್ ಅಂತ ವಿಚಾರಿಸಿ

ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಚರ್ಚೆಗೆ ಮಂಡಿಸುವುದು. ನಮ್ಮಲ್ಲೂ ಅದೇ. ಅಮೆರಿಕದಲ್ಲಿ ಅದನ್ನು ಸದ್ಯಕ್ಕೆ ಪಕ್ಕಕ್ಕಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ಕಡೆಯ ಅಧಿಕಾರಿಗಳು ಇದೊಂದು ಪದಕ್ಕೆ ತುಂಬ ಹೊತ್ತು ಕಿತ್ತಾಡಿದರು ಅಂತ ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ಬರೆದಿದ್ದಾರೆ. ಕಡೆಗೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದು ಒಂದೇ: ಕೂಡಲೇ ಚರ್ಚೆ.

‘ಫಸ್ಟ್ ಫ್ಲೋರ್’ ನಮಗೂ ಬ್ರಿಟಿಷರಿಗೂ ಮೆಟ್ಟಿಲು ಹತ್ತಿದ ಮೇಲಿನದ್ದು, ಅಮೆರಿಕದವರಿಗೆ ನೆಲದ ಮಟ್ಟದ್ದು. ಮಂಡಿನೋವಿನ ಹಿರಿಯರು ಫಸ್ಟ್ ಫ್ಲೋರ್ ಕೇಳಿದರೆ ಒಮ್ಮೆ ಯೋಚಿಸಿ.

‘ಕ್ವೈಟ್ ಗುಡ್’ ಇನ್ನೂ ನಾಜೂಕಿನದು. ಅಮೆರಿಕದವರು ಹೇಳಿದರೆ ಅದು ಒಳ್ಳೇ ಹೊಗಳಿಕೆ. ಬ್ರಿಟಿಷರು ಹೇಳಿದರೆ ಬಹಳ ಸಲ ‘ಏನೋ ಪರವಾಗಿಲ್ಲ’ ಅಷ್ಟೇ. ಅತ್ತಿಗೆಯ ಅಕ್ಕಿ ರೊಟ್ಟಿಗೆ ಒಬ್ಬರು ಇದನ್ನು ಬರೆದು ಹೋಗಿದ್ದಾರೆ. ಅವರ ಊರು ಯಾವುದು ಅಂತ ನಾನು ಅತ್ತಿಗೆಗೆ ಇನ್ನೂ ಹೇಳಿಲ್ಲ.

‘ಸ್ಯಾಂಕ್ಷನ್’ ಮಾತ್ರ ಊರಿನ ಮೇಲೆ ಹೋಗುವುದಿಲ್ಲ, ವಾಕ್ಯದ ಮೇಲೆ ಹೋಗುತ್ತದೆ. ಲೋನ್ ಸ್ಯಾಂಕ್ಷನ್ ಆದರೆ ಮನೆಯಲ್ಲಿ ಪಾಯಸ. ಒಂದು ದೇಶದ ಮೇಲೆ ಸ್ಯಾಂಕ್ಷನ್ಸ್ ಬಂದರೆ ಅಲ್ಲಿಯ ವ್ಯಾಪಾರ ಬಂದ್. ಇರಾನಿನ ಮೇಲೆ ಸ್ಯಾಂಕ್ಷನ್ಸ್ ಅನ್ನುವ ಸುದ್ದಿಯನ್ನು ನನ್ನ ವಿದ್ಯಾರ್ಥಿಯೊಬ್ಬ ‘ಇರಾನಿಗೆ ಸಾಲ ಮಂಜೂರು’ ಅಂತ ಅನುವಾದಿಸಿದ್ದ. ಪಾಪ, ಅವರಪ್ಪ ಆ ವರ್ಷ ಬ್ಯಾಂಕಿಗೆ ಅಲೆಯುತ್ತಿದ್ದರು. ‘ಓವರ್‌ಸೈಟ್’ ಕೂಡ ಹಾಗೆಯೇ. ಒಬ್ಬರ ಓವರ್‌ಸೈಟಿನಲ್ಲಿ ಕೆಲಸ ನಡೆದರೆ ಉಸ್ತುವಾರಿ, ಓವರ್‌ಸೈಟಿನಿಂದ ತಪ್ಪಾದರೆ ಕಣ್ತಪ್ಪು.

ಹೆಜ್ಜೆ 6: ‘ಟೂ’ ಮತ್ತು ‘ಹಾರ್ಡ್‌ಲಿ’ ಬಂದರೆ ಎರಡು ಸಲ ಓದಿ

ಆಲೂರು, ಸಕಲೇಶಪುರದ ಕಡೆ ಆನೆ ಕಾಟ ಎಲ್ಲರಿಗೂ ಗೊತ್ತು. ಆ ಬಗ್ಗೆ ಇಂಗ್ಲಿಷ್ ಲೇಖನದಲ್ಲಿ ‘ಯು ಕಾಂಟ್ ಬಿ ಟೂ ಕೇರ್‌ಫುಲ್’ ಅಂತ ಇದ್ದರೆ ಏನು ಅರ್ಥ? ಪದಕ್ಕೆ ಪದ ಇಟ್ಟರೆ ‘ನೀವು ಅತಿ ಹುಷಾರಾಗಿರಲಾರಿರಿ’ ಅಂತಾಗುತ್ತದೆ. ಹುಷಾರು ಬೇಡ ಅಂದ ಹಾಗೆ ಕೇಳಿಸುತ್ತದೆ. ನಿಜವಾದ ಅರ್ಥ ಎಷ್ಟು ಹುಷಾರಾಗಿದ್ದರೂ ಸಾಲದು. ಇದನ್ನು ಉಲ್ಟಾ ತಿಳಿದು ಸಂಜೆ ಹೊತ್ತು ತೋಟದ ದಾರಿಯಲ್ಲಿ ಸೆಲ್ಫಿ ತೆಗೆಯಲು ಹೋಗಬೇಡಿ.

ಅರ್ಜಿಯಲ್ಲಿ ‘ಐ ವರ್ಕ್ ಹಾರ್ಡ್‌ಲಿ’ ಅಂತ ಬರೆಯುವ ಹುಡುಗರು ಪ್ರತಿ ವರ್ಷ ಸಿಗುತ್ತಿದ್ದರು. ಕಷ್ಟಪಟ್ಟು ದುಡಿಯುತ್ತೇನೆ ಅಂತ ಅವರ ಮನಸ್ಸು. ಕಾಗದ ಹೇಳುವುದು ‘ನಾನು ಕೆಲಸ ಮಾಡುವುದೇ ಅಪರೂಪ’. ‘ಹಾರ್ಡ್’ ಅಂತ ನಿಲ್ಲಿಸಿದರೆ ಸಾಕಿತ್ತು, ಬಾಲ ಸೇರಿಸಿ ಕೆಟ್ಟರು.

ಹೆಜ್ಜೆ 7: ಗಾದೆ ಬಂದರೆ ಹೊಗಳಿಕೆಯೋ ಬೈಗುಳವೋ ಕೇಳಿ

‘ಉರುಳುವ ಕಲ್ಲಿಗೆ ಪಾಚಿ ಕಟ್ಟದು’ ಅನ್ನುವ ಇಂಗ್ಲಿಷ್ ಗಾದೆ ನೋಡಿ. ಹಳೆಯ ಅರ್ಥದಲ್ಲಿ ಪಾಚಿ ಒಳ್ಳೆಯದು. ಒಂದು ಕಡೆ ನೆಲೆ ನಿಲ್ಲದವನಿಗೆ ಆಸ್ತಿ ಆಗುವುದಿಲ್ಲ, ನಂಟು ಬೆಳೆಯುವುದಿಲ್ಲ ಅಂತ ಬುದ್ಧಿಮಾತು. ಈಗ ಬಹಳ ಜನಕ್ಕೆ ಪಾಚಿ ಅಂದರೆ ಜಡ್ಡು. ಓಡಾಡುತ್ತಿದ್ದರೆ ತುಕ್ಕು ಹಿಡಿಯುವುದಿಲ್ಲ ಅಂತ ಅದೇ ಗಾದೆಯನ್ನು ಮೆಚ್ಚಿಕೊಂಡು ಹೇಳುತ್ತಾರೆ. ಜಪಾನಿನಲ್ಲಿ ಪಾಚಿಗೆ ಎಷ್ಟು ಗೌರವ ಅಂದರೆ ಅವರ ರಾಷ್ಟ್ರಗೀತೆಯಲ್ಲೇ ಬಂಡೆಯ ಮೇಲೆ ಪಾಚಿ ಬೆಳೆಯುವವರೆಗೆ ಬಾಳು ಎಂಬ ಹಾರೈಕೆ ಇದೆ. ಮಲೆನಾಡಿನವರಾದ ನಮಗೆ? ಜುಲೈನಲ್ಲಿ ಅಂಗಳದ ಪಾಚಿಯ ಮೇಲೆ ಒಮ್ಮೆ ಜಾರಿ ಬಿದ್ದವರು ಅದನ್ನು ಆಸ್ತಿ ಅಂತ ಹೇಗೆ ಒಪ್ಪುತ್ತಾರೆ! ಹಾಗಾಗಿ ಮೂರು ಕಂಪನಿ ಬದಲಾಯಿಸಿದ ನಿಮ್ಮನ್ನು ಇಂಟರ್‌ವ್ಯೂನಲ್ಲಿ ಯಾರಾದರೂ ‘ರೋಲಿಂಗ್ ಸ್ಟೋನ್’ ಅಂದರೆ ಥ್ಯಾಂಕ್ಸ್ ಹೇಳಲು ಅವಸರ ಮಾಡಬೇಡಿ. ಪ್ರತಿ ಕಡೆ ಏನು ಕಲಿತಿರಿ ಅಂತ ಹೇಳಿ, ಎರಡು ಅರ್ಥಕ್ಕೂ ಉತ್ತರವಾಗುತ್ತದೆ.

ಹೆಜ್ಜೆ 8: ನಮ್ಮಿಂದ ಹೋಗುವ ಮಾತನ್ನೂ ಸೋಸಿ

‘ಐ ಹ್ಯಾವ್ ಎ ಡೌಟ್’ ಅಂದರೆ ನಮಗೆ ಒಂದು ಪ್ರಶ್ನೆ ಇದೆ ಅಂತ. ಹೊರದೇಶದವರಿಗೆ ಅದು ‘ನಿಮ್ಮ ಮಾತು ನಂಬಲು ಆಗುತ್ತಿಲ್ಲ’ ಅಂತ ಕೇಳಿಸಬಹುದು. ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ. ‘ಪ್ಲೀಸ್ ರಿವರ್ಟ್’ ನಮಗೆ ಉತ್ತರ ಕೊಡಿ, ಅವರಿಗೆ ಹಿಂದಿನ ಸ್ಥಿತಿಗೆ ಹೋಗಿ. ಬುಕಿಂಗ್ ಬದಲಾಯಿಸಿದವರಿಗೆ ‘ರಿವರ್ಟ್’ ಅಂತ ಬರೆದರೆ ಮತ್ತೆ ಹಳೇ ತಾರೀಕಿಗೆ ಹೋಗು ಅಂದ ಹಾಗೆ! ‘ರಿಪ್ಲೈ’ ಸಾಕು. ‘ಹೋಟೆಲ್ ಎಲ್ಲಿ’ ಅಂತ ಕೇಳಿದವರಿಗೆ ನಾವು ಇಡ್ಲಿ ಸಿಗುವ ಜಾಗ ತೋರಿಸುತ್ತೇವೆ, ಅವರಿಗೆ ಬೇಕಾಗಿದ್ದು ಮಂಚ. ಎಸ್ಟೇಟ್ ‘ರೈಟರ್’ ಅಂತ ಪರಿಚಯಿಸಿದರೆ ಅವರು ಯಾವ ಕಾದಂಬರಿ ಬರೆದಿದ್ದೀರಿ ಅಂತ ಕೇಳುತ್ತಾರೆ. ನಮ್ಮ ರೈಟರ್ ಬರೆಯುವುದು ಆಳುಗಳ ಹಾಜರಿ, ಹಣ್ಣಿನ ತೂಕ. ಅದನ್ನೂ ಒಂದು ವಾಕ್ಯದಲ್ಲಿ ಹೇಳಿಬಿಡಿ.

ಕಳುಹಿಸುವ ಮೊದಲು ನಾನು ಮೆಸೇಜನ್ನು ಅತ್ತಿಗೆಗೆ ಕನ್ನಡದಲ್ಲಿ ಹೇಳುತ್ತೇನೆ. ‘ಯಾವತ್ತು, ಎಷ್ಟು ಜನ, ಎಷ್ಟು ಹೊತ್ತಿಗೆ?’ ಅಂತ ಅವರು ಕೇಳುತ್ತಾರೆ. ಈ ಮೂರರಲ್ಲಿ ಒಂದಕ್ಕೆ ಉತ್ತರ ಮೆಸೇಜಿನಲ್ಲಿ ಇಲ್ಲದಿದ್ದರೂ ತಿದ್ದಿ ಬರೆಯುತ್ತೇನೆ.

ಆದರೂ ಎಲ್ಲ ತಡೆಯಲು ಆಗುವುದಿಲ್ಲ. ಹೋದ ಸಲ ಬಂದ ಒಬ್ಬರು ಫೋನಿನಲ್ಲಿ ನೋಡಿಕೊಂಡು ಒಂದಿಷ್ಟು ಕನ್ನಡ ಕಲಿತು ಬಂದಿದ್ದರು. ಅತ್ತಿಗೆ ಕಡುಬಿನ ಪಾತ್ರೆ ಹಿಡಿದು ‘ಇನ್ನೆರಡು ಹಾಕ್ಲಾ?’ ಅಂದರು. ಆ ಮನುಷ್ಯ ಸಾಕು ಅನ್ನುವ ಅರ್ಥದಲ್ಲಿ, ಬಹಳ ಮರ್ಯಾದೆಯಿಂದ, ‘ಪರವಾಗಿಲ್ಲ’ ಅಂದರು. ಅತ್ತಿಗೆ ನಾಲ್ಕು ಹಾಕಿದರು.